ಗಾಳಿಯ ವಿರುದ್ಧ ಶ್ರೀಮತಿಯಮ್ಮನ ಸಾಕ್ಷಿ

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಚಿಂತಾಮಣಿ ಸೊಸೈಟಿ ಎಂಬ ಮೂರು ಮಹಡಿಯ ಕಟ್ಟಡವಿತ್ತು. ಅದರ ಕೊನೆಯ ಮಹಡಿಯಲ್ಲಿ ಶ್ರೀಮತಿಯಮ್ಮ ಇದ್ದರು. ಐವತ್ತೆಂಟು ವರ್ಷ, ಉಡುಪಿ ಕಡೆಯ ಮಾಧ್ವ ಮನೆತನ, ಸಣ್ಣ ದೇಹ, ದೊಡ್ಡ ಗಂಟಲು. ಗಂಡ ಯಜ್ಞೇಶ್ವರ ರಾಯರು ಠಾಣೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರಿಗೆ ಉಳಿದಿದ್ದ ಆಸೆ ಒಂದೇ, ಮಧ್ಯಾಹ್ನದ ಊಟ ಹನ್ನೆರಡಕ್ಕೆ ಸಿಗಬೇಕು. ಮೂರು ದಶಕ ಡಬ್ಬಿಯ ಆರಿದ ಅನ್ನ ತಿಂದ ಮನುಷ್ಯ ಇನ್ನೇನು ಕೇಳಿಯಾನು?

ಆದರೆ ಆ ಮನೆಯಲ್ಲಿ ಅನ್ನ ಬೇಯುವುದು ಶ್ರೀಮತಿಯಮ್ಮ ಮಡಿ ಉಟ್ಟ ಮೇಲೆಯೇ. ಮಡಿ ಸೀರೆಯ ದಿನಚರಿ ಸೂರ್ಯನ ದಿನಚರಿಯಷ್ಟೇ ಕಟ್ಟುನಿಟ್ಟು. ದಿನವೂ ಊಟವಾದ ಮೇಲೆ ಅದನ್ನು ಒಗೆದು, ತಾರಸಿಯ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಹರವುವುದು. ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಒದ್ದೆ ತಲೆಯಲ್ಲಿ ಮೇಲೆ ಹೋಗಿ ಅದೇ ಕೋಲಿನಿಂದ ತೆಗೆಯುವುದು. ಈ ನಡುವೆ ಅದನ್ನು ಯಾರೂ ಮುಟ್ಟಬಾರದು. ಸೊಸೈಟಿಯ ಮಕ್ಕಳು ಗಾಳಿಪಟ ಹಾರಿಸುವಾಗಲೂ ಆ ಮೂಲೆಗೆ ಸುಳಿಯುತ್ತಿರಲಿಲ್ಲ. ಪಟ ಹೋದರೆ ಇನ್ನೊಂದು ಕೊಳ್ಳಬಹುದು, ಶ್ರೀಮತಿಯಮ್ಮನ ಬಾಯಿಗೆ ಸಿಕ್ಕಿದರೆ ಬಿಡಿಸುವವರಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಎಂಬತ್ತಮೂರನೆಯ ಇಸವಿ, ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಒಂದು ಬೆಳಿಗ್ಗೆ ಸೀರೆ ತೆಗೆಯಲು ಹೋದ ಶ್ರೀಮತಿಯಮ್ಮ ಮೆಟ್ಟಿಲ ತುದಿಯಿಂದಲೇ ಕೂಗಿದರು.

"ಇವರೇ, ಒಮ್ಮೆ ಮೇಲೆ ಬನ್ನಿ. ಇದೆಂತದು ನೋಡಿ."

ರಾಯರು ಕನ್ನಡಕ ಏರಿಸಿ ಸೀರೆಯ ಹತ್ತಿರ ಬಗ್ಗಿದರು. ಬಿಳಿ ಅಂಚಿನ ಮೇಲೆಲ್ಲ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು.

"ಮಸಿ," ಎಂದರು.

"ಮಸಿ ಅಂತ ನನಗೂ ಗೊತ್ತುಂಟು. ಯಾರದ್ದು?"

"ಮಸಿಯ ಮೇಲೆ ಹೆಸರು ಬರೆದಿರ್ತದಾ ಮಾರಾಯ್ತಿ?"

ರಾಯರಿಗೆ ಇದು ತಮಾಷೆ. ಶ್ರೀಮತಿಯಮ್ಮನಿಗೆ ಅಲ್ಲ. ಮಸಿ ಯಾವ ಒಲೆಯಿಂದ ಎದ್ದಿತು, ಆ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬುದು ತಿಳಿಯದೆ ಸೀರೆ ಮಡಿಯಾಗಿ ಉಳಿಯಿತೋ ಮೈಲಿಗೆಯಾಯಿತೋ ತೀರ್ಮಾನಿಸುವುದು ಹೇಗೆ? ಯಾರೋ ಬಂಗಡೆ ಹುರಿದ ಒಲೆಯದ್ದಾದರೆ? ಆ ದಿನ ಸೀರೆಯನ್ನು ಮತ್ತೆ ಒಗೆದು, ಹಿಂಡಿ, ಒಣಗುವವರೆಗೆ ಕಾದು, ಆಮೇಲೆ ಒಲೆ ಹಚ್ಚಿದರು. ರಾಯರ ಊಟ ಎರಡು ಗಂಟೆಗಾಯಿತು. ಮಾರನೆಯ ದಿನವೂ ಮಸಿ, ಮಾರನೆಯ ದಿನವೂ ಎರಡು ಗಂಟೆ. ವಾರ ಕಳೆಯುವಷ್ಟರಲ್ಲಿ ರಾಯರು ಬಿಸ್ಕತ್ತಿನ ಪೊಟ್ಟಣವನ್ನು ಪಂಚಾಂಗದ ಹಿಂದೆ ಬಚ್ಚಿಡಲು ಕಲಿತರು.

"ಗಾಳಿಯಲ್ಲಿ ಎಲ್ಲಿಂದಲೋ ಬರ್ತಿರಬೇಕು ಕಾಣ್ತದೆ," ಎಂದು ಒಂದು ದಿನ ಬಿಸ್ಕತ್ತು ನುಂಗುತ್ತ ಹೇಳಿದರು.

ಶ್ರೀಮತಿಯಮ್ಮ ಕೆಂಡವಾದರು. "ಎಂತ ಮಾತಾಡ್ತೀರಿ ನೀವು? ಗಾಳಿ ಅಂದ್ರೆ ಯಾರು? ನಮ್ಮ ಪ್ರಾಣದೇವರು. ಹುಟ್ಟಿದಾರಭ್ಯ ಅವರನ್ನು ನಂಬಿದವಳು ನಾನು. ನನ್ನ ಮಡಿ ಸೀರೆಗೆ ಅವರು ಮಸಿ ತಂದು ಹಾಕ್ತಾರಾ?"

ಮಾಧ್ವರಿಗೆ ವಾಯುದೇವರೆಂದರೆ ಗುರುವಿಗೂ ಗುರು. ಅವರ ಮೇಲೆ ಸಂಶಯಪಡುವುದು ಮನೆಯ ಹಿರಿಯರ ಮೇಲೆ ಕಳ್ಳತನ ಹೊರಿಸಿದ ಹಾಗೆ. ಹೀಗೆ ಶ್ರೀಮತಿಯಮ್ಮ ತನಿಖೆ ಶುರುವಾಗುವ ಮೊದಲೇ ನಿಜವಾದ ಅಪರಾಧಿಯನ್ನು ಕೈಮುಗಿದು ಬಿಟ್ಟುಬಿಟ್ಟರು. ಗಾಳಿಯದ್ದಲ್ಲವಾದರೆ ಮಸಿ ತಾನಾಗಿಯೇ ಕೆಳಗಿನಿಂದ ಮೇಲೆ ಎದ್ದಿರಬೇಕು. ಕೆಳಗಿರುವವರು ಯಾರು?

ಮೊದಲ ಸಂಶಯ ಎರಡನೆಯ ಮಹಡಿಯ ದೇಜಪ್ಪನ ಮೇಲೆ ಹೋಯಿತು. ಊರಿನ ಕಡೆಯವನೇ, ಮಾಜಿವಾಡಾದ ಒಂದು ಕಬ್ಬಿಣದ ಯಾರ್ಡಿನಲ್ಲಿ ಕ್ರೇನ್ ನಡೆಸುವವನು, ಮೀನಿಲ್ಲದೆ ಅವನಿಗೆ ಊಟ ಇಳಿಯದು. ಆದರೆ ಅವನ ಹೆಂಡತಿ ಬಾಣಂತನಕ್ಕೆಂದು ತವರಿಗೆ ಹೋಗಿ ತಿಂಗಳಾಗಿತ್ತು. ಮನೆಯ ಒಲೆಗೆ ಬೆಂಕಿಯೇ ಇಲ್ಲ, ಊಟ ಪಾರವ್ವನ ಖಾನಾವಳಿಯಲ್ಲಿ. ಅಲ್ಲಿಗೆ ಶ್ರೀಮತಿಯಮ್ಮನ ಕಣ್ಣು ಇನ್ನೊಂದು ಮಹಡಿ ಕೆಳಗಿಳಿದು ನೆಲಮಹಡಿಯ ಪಾರವ್ವನ ಮೇಲೆ ನಿಂತಿತು.

ಪಾರವ್ವ ವಿಜಾಪುರದ ಕಡೆಯವಳು. ಗಂಡ ರಾಯಪ್ಪ ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದ. ಹಿಂದಿನ ವರ್ಷದ ಗಿರಣಿ ಮುಷ್ಕರದಲ್ಲಿ ಎಲ್ಲರ ಹಾಗೆ ಅವನ ಕೆಲಸವೂ ಹೋಯಿತು. ಎರಡು ತಿಂಗಳು ಅವನು ಗೋಡೆ ನೋಡುತ್ತ ಕೂತ. ಮೂರನೆಯ ತಿಂಗಳು ಪಾರವ್ವ ಹಿಂದಿನ ವರಾಂಡದಲ್ಲಿ ಕಟ್ಟಿಗೆಯ ಒಲೆ ಹೂಡಿ, ಜೋಳದ ರೊಟ್ಟಿ ಬಡಿಯಲು ಕೂತಳು. ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಒಂಟಿ ಗಂಡಸರು ಇಪ್ಪತ್ತಾರು ಜನ ಎರಡು ಹೊತ್ತು ಅಲ್ಲಿ ಉಣ್ಣುತ್ತಿದ್ದರು. ಗ್ಯಾಸಿಗೆ ಹೆಸರು ಬರೆಸಿದ್ದಳು, ಪಾಳಿ ಬರಲು ಇನ್ನೂ ವರ್ಷಗಳಿದ್ದವು. ರಾಯಪ್ಪ ಈಗ ಉಳ್ಳಾಗಡ್ಡಿ ಹೆಚ್ಚುತ್ತಿದ್ದ, ಕಲ್ಯಾಣದಾಚೆಯ ವಿಠ್ಠಲವಾಡಿಯಿಂದ ಜೋಳ ಹೊತ್ತು ತರುತ್ತಿದ್ದ. ಆ ಮನೆ ನಿಂತದ್ದು ಆ ಒಲೆಯ ಮೇಲೆ.

"ಪಾರವ್ವಾ," ಎಂದು ಶ್ರೀಮತಿಯಮ್ಮ ಮೆಟ್ಟಿಲ ನಡುವಿನ ಸಂದಿಯಿಂದ ಕೂಗಿದರು, "ನಿಮ್ಮ ಒಲೆಯ ಮಸಿ ನನ್ನ ಮಡಿ ಸೀರೆಗೆ ಬೀಳ್ತಾ ಉಂಟು!"

"ನನ್ನ ಒಲಿ ಮಸಿ ಮೂರ ಮಾಳಿಗಿ ಹತ್ತಿ ನಿಮ್ಮ ಸೀರೀನ ಹುಡುಕ್ಕೊಂಡ ಬರತದೇನ್ರಿ ಅಮ್ಮಾರ? ನನ್ನ ಪತ್ರಾಸಿನ ತಗಡಿನ ಮ್ಯಾಲ ಬಿದ್ದಿಲ್ಲ, ಎರಡನೇ ಮಾಳಿಗ್ಯಾಗ ಬಿದ್ದಿಲ್ಲ, ನಿಮ್ಮ ಸೀರಿ ಮ್ಯಾಲ ಅಷ್ಟ ಬಿತ್ತಂತ!"

"ಹೊಗೆ ಮೇಲೆ ಹೋಗ್ತದೆ ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು!"

"ಮ್ಯಾಲ ಹೋಗಿದ್ದು ಹೊಳ್ಳಿ ಯಾಕ ಬರತದ, ಅದನ್ನ ಕೇಳ್ರಿ ಮದಲ!"

ಇದು ಬಹಳ ಒಳ್ಳೆಯ ಪ್ರಶ್ನೆಯಾಗಿತ್ತು. ಆದರೆ ಜಗಳದಲ್ಲಿ ಒಳ್ಳೆಯ ಪ್ರಶ್ನೆಗಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಶ್ರೀಮತಿಯಮ್ಮ ಒಳಗೆ ಬಂದು ಗಂಡನಿಗೆ ಹೇಳಿದರು, "ಅರ್ಜಿ ಬರೆಯಿರಿ."

ರಾಯರು ಬರೆದರು. ಇಪ್ಪತ್ತೊಂಬತ್ತು ವರ್ಷ ಕಲಿತ ಆಫೀಸು ಇಂಗ್ಲಿಷನ್ನೆಲ್ಲ ಹನ್ನೆರಡು ಗಂಟೆಯ ಊಟಕ್ಕಾಗಿ ಕಾಗದದ ಮೇಲೆ ಸುರಿದರು. ವಾಸದ ಮನೆಯಲ್ಲಿ ವ್ಯಾಪಾರ ನಡೆಸಬಾರದೆಂಬ ಸೊಸೈಟಿಯ ನಿಯಮ ಎಲ್ಲೋ ಧೂಳು ತಿನ್ನುತ್ತಿತ್ತು, ಅದನ್ನೂ ಹುಡುಕಿ ಸೇರಿಸಿದರು. ಶ್ರೀಮತಿಯಮ್ಮ ಬಾಗಿಲು ಬಾಗಿಲಿಗೆ ಹೋಗಿ ಸಹಿ ಮಾಡಿಸಿಕೊಂಡು ಬಂದರು. ಒಬ್ಬರು ಕೆಮ್ಮಿನ ಕಾರಣಕ್ಕೆ ಸಹಿ ಹಾಕಿದರು. ಇನ್ನೊಬ್ಬರು ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ತಮ್ಮ ಮಗ ಓದು ಬಿಟ್ಟು ಕೆಳಗಿಳಿಯುತ್ತಾನೆ ಎಂದು ಹಾಕಿದರು. ಒಬ್ಬ ಗುಜರಾತಿ ಯಜಮಾನರು ಓದದೆಯೇ ಹಾಕಿದರು. ಅದು ನಲ್ಲಿ ನೀರಿನ ಅರ್ಜಿ ಎಂದು ತಿಳಿದಿದ್ದರಂತೆ. ಒಟ್ಟು ಹದಿನೈದು ಸಹಿ.

ಸೊಸೈಟಿಯ ಸೆಕ್ರೆಟರಿ ಹರಿಶ್ಚಂದ್ರ ಸಾಳ್ವಿ ಕಾಗದದ ಮನುಷ್ಯ. ಬಾಯಲ್ಲಿ ಹೇಳಿದ್ದು ಅವರ ಕಿವಿಗೆ ಹೋಗುತ್ತಿರಲಿಲ್ಲ, ಬರೆದು ಕೊಟ್ಟದ್ದು ಅವರ ಕೈಯಿಂದ ಹೊರಗೆ ಬರುತ್ತಿರಲಿಲ್ಲ. ಅರ್ಜಿಗೆ ನಂಬರು ಕೊಟ್ಟು, ಫೆಬ್ರವರಿಯ ಮೊದಲ ಭಾನುವಾರ ಸಭೆ ಎಂದು ಫಲಕಕ್ಕೆ ಹಚ್ಚಿದರು. "ಕಾಳಜಿ ಬೇಡ ಮಾವಶಿ, ಒಲೆ ತೆಗೆಸುತ್ತೇವೆ," ಎಂದು ಮರಾಠಿಯಲ್ಲಿ ಭರವಸೆ ಕೊಟ್ಟರು. ಒಲೆ ಹೋದರೆ ಖಾನಾವಳಿ ಹೋಗುತ್ತದೆ, ಖಾನಾವಳಿ ಹೋದರೆ ಪಾರವ್ವನ ಮನೆಯಲ್ಲಿ ದುಡಿಯುವ ಕೈ ಇರುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಶ್ರೀಮತಿಯಮ್ಮನಿಗೂ ಗೊತ್ತಿತ್ತು, ಆದರೆ ಆಗ ಅವರ ಕಣ್ಣ ಮುಂದೆ ಇದ್ದದ್ದು ಸೀರೆ ಮಾತ್ರ.

ಸಂಕ್ರಾಂತಿ ಮುಗಿದ ಎರಡನೆಯ ದಿನ ಪಾರವ್ವ, ರಾಯಪ್ಪ ಇಬ್ಬರೂ ಅಣ್ಣನ ಮಗಳ ಮದುವೆಗೆಂದು ಊರಿಗೆ ಹೊರಟರು. ಹದಿನೈದು ದಿನ ಖಾನಾವಳಿ ಬಂದ್. ಶ್ರೀಮತಿಯಮ್ಮ ಕಿಟಕಿಯಿಂದ ರಿಕ್ಷಾ ತಿರುಗುವವರೆಗೆ ನೋಡಿ, "ನಾಳೆಯಿಂದ ಹನ್ನೆರಡಕ್ಕೆ ಊಟ," ಎಂದು ಘೋಷಿಸಿದರು. ರಾಯರು ಆ ಸಂತೋಷಕ್ಕೆ ಮಾರ್ಕೆಟ್ಟಿಗೆ ಹೋಗಿ ಎಳೆ ಬದನೆಕಾಯಿ ತಂದರು.

ಮಾರನೆಯ ಬೆಳಿಗ್ಗೆ ಸೀರೆಯ ಮೇಲೆ ಅಂದಿನವರೆಗಿನ ಎಲ್ಲ ದಿನಗಳಿಗಿಂತ ಹೆಚ್ಚು ಮಸಿ ಬಿದ್ದಿತ್ತು.

"ನಿನ್ನೆಯ ಹೊಗೆ," ಎಂದರು ಶ್ರೀಮತಿಯಮ್ಮ. "ಒಲೆ ಆರಿದರೂ ಹೊಗೆ ಸ್ವಲ್ಪ ಹೊತ್ತು ಇರ್ತದೆ."

ಎರಡನೆಯ ದಿನವೂ ಮಸಿ. "ಗೋಡೆಗೆ ಹಿಡಿದದ್ದು ಉದುರ್ತಾ ಉಂಟು."

ಮೂರನೆಯ ದಿನ ಕೆಳಗೆ ಹೋಗಿ ಪಾರವ್ವನ ಒಲೆಯನ್ನು ಸಂದಿಯಿಂದ ಇಣುಕಿದರು. ಬೂದಿ ತಣ್ಣಗಿತ್ತು, ಅದರ ಮೇಲೆ ಸೊಸೈಟಿಯ ಬೆಕ್ಕು ಮಲಗಿತ್ತು. ಹಾಗೆಯೇ ಮೇಲೆ ಬಂದರು. ಅಂದು ಬದನೆಕಾಯಿ ಹುಳಿಗೆ ಉಪ್ಪು ಬೀಳಲಿಲ್ಲ, ರಾಯರು ಕೇಳುವ ಧೈರ್ಯ ಮಾಡಲಿಲ್ಲ.

ಆ ಭಾನುವಾರ ಮಗಳು ವನಮಾಲಾ ವಾಶಿಯಿಂದ ಬಂದಳು. ನವಿ ಮುಂಬಯಿಯ ಹೊಸ ಮನೆ ಎಂದು ಬಿಳಿ ಪರದೆ ಹಾಕಿದ್ದಳಂತೆ, ತಿಂಗಳಿಗೆ ಮೂರು ಸಲ ಒಗೆಯಬೇಕಾಗುತ್ತದೆ ಎಂದು ಗೊಣಗಿದಳು.

"ಮಸಿ ಬೀಳ್ತದಾ?" ಎಂದು ಶ್ರೀಮತಿಯಮ್ಮ ಥಟ್ಟನೆ ಕೇಳಿದರು.

"ಬೀಳ್ತದೆ ಅಮ್ಮ, ಕರೀ ಪುಡಿ."

"ಅಲ್ಲಿ ಯಾರಿದ್ದಾರೆ ರೊಟ್ಟಿ ಬಡಿಯುವವರು?"

ಅಲ್ಲಿ ರೊಟ್ಟಿ ಬಡಿಯುವವರು ಯಾರೂ ಇರಲಿಲ್ಲ. ಶ್ರೀಮತಿಯಮ್ಮ ಕಾಫಿ ಸೋಸಲು ಹೋದರು.

ಮರುದಿನ ದೇಜಪ್ಪನಿಗೆ ವಾರದ ರಜೆ. ಬನಿಯನ್ ಒಣಗಿಸಲು ತಾರಸಿಗೆ ಬಂದವನು, ಶ್ರೀಮತಿಯಮ್ಮ ಕೋಲು ಹಿಡಿದು ಆಕಾಶಕ್ಕೆ ಮುಖ ಮಾಡಿ ನಿಂತದ್ದನ್ನು ಕಂಡು ದೂರದಲ್ಲೇ ನಿಂತ. ಇಬ್ಬರೂ ತುಳುವಿನಲ್ಲಿಯೇ ಮಾತಾಡುತ್ತಿದ್ದರು. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಎಂತ ಅಮ್ಮ, ಹೊಗೆ ನೋಡುವುದಾ?"

"ಎಲ್ಲಿಂದ ಬರ್ತದೆ ಅಂತ ನೋಡ್ತಾ ಇದ್ದೇನೆ. ಕೆಳಗಿನಿಂದ ಬರುವುದು ಕಾಣುವುದಿಲ್ಲ."

"ಕೆಳಗಿನಿಂದ ಅಲ್ಲ, ಅಡ್ಡಕ್ಕೆ ಬರುವುದು," ಎಂದ ದೇಜಪ್ಪ. "ನಾನು ಬೆಳಿಗ್ಗೆ ಏಳಕ್ಕೆ ಕ್ರೇನ್ ಹತ್ತುವುದಲ್ವಾ. ಚಳಿಗಾಲದಲ್ಲಿ ಮೇಲೆ ಹೋಗಿ ಕೂತು ನೋಡಿದ್ರೆ ಕೆಳಗೆ ಮಾಜಿವಾಡಾವೇ ಇಲ್ಲ! ನನ್ನ ತಲೆಗೆ ಬಿಸಿಲು, ಕಾಲಡಿಗೆ ಹೊಗೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಇರ್ತದೆ. ಚಿಮಣಿಯಿಂದ ಹೊರಟದ್ದು ಮೇಲೆ ಹೋಗ್ಲಿಕ್ಕೆ ಆಗದೆ ಮುಚ್ಚಳದ ಕೆಳಗೆ ಅಡ್ಡ ನಡೀತದೆ."

"ಯಾವ ಕಡೆಗೆ?"

"ಬೆಳಿಗ್ಗೆ ಅಲ್ಲಿಂದ ಇಲ್ಲಿಗೆ." ಕಲ್ಯಾಣದ ಕಡೆಯಿಂದ ಠಾಣೆಯ ಕಡೆಗೆ ಕೈ ಎಳೆದ. "ಆಚೆ ಈ ವರ್ಷ ಹೊಸದಾಗಿ ಎದ್ದ ಇಟ್ಟಿಗೆ ಭಟ್ಟಿ, ಕಾರ್ಖಾನೆ, ಕಸ ಸುಡುವುದು, ಎಲ್ಲರದ್ದೂ ಸೇರಿ. ಯಾರದ್ದು ಎಷ್ಟು ಅಂತ ದೇವರಿಗೇ ಗೊತ್ತು. ಹನ್ನೊಂದಕ್ಕೆ ಬಿಸಿಲು ಏರಿದ ಮೇಲೆ ಮುಚ್ಚಳ ಏಳ್ತದೆ. ಮಧ್ಯಾಹ್ನ ಕಡಲ ಗಾಳಿ ಶುರುವಾದ್ರೆ ಮುಂಬಯಿದ್ದು, ಠಾಣೆದ್ದು ಎಲ್ಲ ಸೇರಿ ಕಲ್ಯಾಣಕ್ಕೆ ವಾಪಸ್ಸು. ಬೆಳಿಗ್ಗೆ ಹೋಗುವುದು, ಸಾಯಂಕಾಲ ಬರುವುದು. ನಮ್ಮ ಲೋಕಲ್ ಗಾಡಿಯ ಪಾಸಿನವರ ಹಾಗೆ."

"ಭಾನುವಾರ?"

"ಅದಕ್ಕೆ ರಜೆ ಇಲ್ಲ ಅಮ್ಮ." ದೇಜಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಬಿಡಿಸಿದ. "ನಿಮ್ಮ ಸೀರೆಗೆ ಕೂರುವುದು ದಪ್ಪದ್ದು, ಅದು ಒಗೆದರೆ ಹೋಗ್ತದೆ. ಸಣ್ಣದ್ದು ಕಣ್ಣಿಗೇ ಕಾಣುವುದಿಲ್ಲ, ಸೀದಾ ಎದೆಗೆ ಇಳೀತದೆ. ಇಲ್ಲಿ ನೋಡಿ, ನಿನ್ನೆ ಮೂಗು ಒರೆಸಿದ್ದು..."

"ನೀನು ಅದನ್ನು ಒಳಗಿಡು!" ಶ್ರೀಮತಿಯಮ್ಮ ಎರಡು ಮಾರು ಹಿಂದಕ್ಕೆ ಹಾರಿದರು.

ಆದರೆ ಆ ಮಾತು ಅವರ ತಲೆಗೆ ಹೊಕ್ಕು ಕೂತಿತು. ಸೀರೆಗಾದರೆ ಒಗೆತವಿದೆ. ಎದೆಯೊಳಗೆ ಹೋದದ್ದಕ್ಕೆ ಏನು ಮಾಡುವುದು? ಯಾವ ಯಾವ ಊರಿನ, ಯಾವ ಯಾವ ಜಾತಿಯ ಒಲೆಯ ಹೊಗೆಯನ್ನು ತಾನು ಇಷ್ಟು ವರ್ಷ ಜಪ ಮಾಡುತ್ತ ಮಾಡುತ್ತ ಒಳಗೆ ಎಳೆದುಕೊಂಡೆನೋ! ಅಂದು ಪ್ರಾಣಾಯಾಮಕ್ಕೆ ಕೂತವರು ಮೂಗು ಹಿಡಿದು, ಬಿಡಲೋ ಎಳೆಯಲೋ ತಿಳಿಯದೆ ಬಹಳ ಹೊತ್ತು ಹಾಗೆಯೇ ಇದ್ದರು.

ಹೇಳಿದ ಮಾತ್ರಕ್ಕೆ ನಂಬುವ ಜೀವವಲ್ಲ. ರಾಯರ ಹಳೆಯ ಬಿಳಿ ಪಂಚೆಯೊಂದನ್ನು ಹರಿದು ನಾಲ್ಕು ತುಂಡು ಮಾಡಿದರು. ತಾರಸಿಯ ನಾಲ್ಕು ಗೋಡೆಗೆ ನಾಲ್ಕನ್ನು ಕಟ್ಟಿ, ಬೆಳಿಗ್ಗೆ ಒಮ್ಮೆ, ಸಂಜೆಗೆ ಒಮ್ಮೆ ತೆಗೆದು ನೋಡಿ ಒಗೆದು ಮತ್ತೆ ಕಟ್ಟತೊಡಗಿದರು. ಬೆಳಗಿನ ಹೊತ್ತು ಕಲ್ಯಾಣದ ಕಡೆಯ ತುಂಡು ಕಪ್ಪು, ಪಾರವ್ವನ ಒಲೆಯ ನೆತ್ತಿಗಿದ್ದ ಪಶ್ಚಿಮದ ತುಂಡು ಹೆಚ್ಚುಕಡಿಮೆ ಬೆಳ್ಳಗೆ. ಸಂಜೆಗೆ ಅದು ತಿರುಗುಮುರುಗು, ಆದರೆ ಮಸಿ ಕಡಿಮೆ. ಒಂದು ಮುಂಜಾನೆ ಮಂಜು ಬಿದ್ದು ಎಲೆಯೂ ಅಲ್ಲಾಡದ ದಿನ ನಾಲ್ಕೂ ಒಂದೇ ಸಮ ಕಪ್ಪಾದವು. ಇನ್ನೊಂದು ದಿನ ಅಕಾಲದಲ್ಲಿ ನಾಲ್ಕು ಹನಿ ಮಳೆ ಬಂದಿತು, ಮರುದಿನ ನಾಲ್ಕೂ ಶುಭ್ರ. ಏಳು ದಿನ ಹೀಗೆ ನಡೆಯಿತು. ಪಾರವ್ವನ ಒಲೆಯ ಮೇಲೆ ಬೆಕ್ಕು ಏಳು ದಿನವೂ ಸುಖವಾಗಿ ಮಲಗಿತ್ತು.

ಏಳನೆಯ ಸಂಜೆ ದೇವರ ಮುಂದೆ ಕೂತು ಶ್ರೀಮತಿಯಮ್ಮ ಅತ್ತುಬಿಟ್ಟರು. ಪ್ರಾಣದೇವರ ಚಿತ್ರಕ್ಕೆ, "ನೀವೇ ಮಾಡಿದ್ದಾ?" ಎಂದು ಕೇಳಿದರು. ಚಿತ್ರದ ಗಾಜಿನ ಮೇಲೂ ಸಣ್ಣ ಕರಿ ಪುಡಿ ಕೂತಿತ್ತು. ಅದನ್ನು ಸೆರಗಿನಿಂದ ಒರೆಸಿದರು. ಪಾಪ, ತಂದವರನ್ನೂ ಅದು ಬಿಟ್ಟಿರಲಿಲ್ಲ ಎನಿಸಿ ಸ್ವಲ್ಪ ಸಮಾಧಾನವಾಯಿತು. ಹೊಗೆ ಬಿಡುವವರು ಮನುಷ್ಯರು, ಹೊರುವ ಕೆಲಸ ಮಾತ್ರ ಅವರದ್ದು ಎಂದು ಮನಸ್ಸಿನಲ್ಲಿಯೇ ವಾದ ಮಾಡಿ ದೇವರನ್ನು ಅರ್ಧ ಬಿಡಿಸಿಕೊಂಡರು. ಪಾರವ್ವನನ್ನು ಬಿಡಿಸುವುದು ಅಷ್ಟು ಸುಲಭವಿರಲಿಲ್ಲ. ಹದಿನೈದು ಸಹಿ, ಒಂದು ನಂಬರು, ಒಬ್ಬ ಹರಿಶ್ಚಂದ್ರ ಸಾಳ್ವಿ ನಡುವೆ ನಿಂತಿದ್ದರು.

ರಾಯರು ಅನುಭವಸ್ಥರು. ನಿಧಾನವಾಗಿ ಹೇಳಿದರು, "ನೀನು ಸುಮ್ಮನಿದ್ದುಬಿಡು. ಸಭೆ ಆಗ್ಲಿ. ಅವರೇನು ಮಾಡ್ತಾರೋ ಮಾಡ್ಲಿ. ಮಾರ್ಚಿಗೆ ಗಾಳಿ ತಿರುಗ್ತದೆ, ಸೆಕೆ ಶುರುವಾಗ್ತದೆ, ಮಸಿ ತಾನಾಗಿ ಕಡಿಮೆಯಾಗ್ತದೆ. ಒಲೆ ತೆಗೆಸಿದ್ದಕ್ಕೇ ಮಸಿ ಹೋಯ್ತು ಅಂತ ಎಲ್ಲರೂ ಹೇಳ್ತಾರೆ. ನಿನ್ನ ಮಾತೂ ಉಳೀತದೆ."

ಗಂಡ ಇಷ್ಟು ಉಪಯುಕ್ತವಾದ ಮಾತು ಆಡಿದ್ದು ಮದುವೆಯಾದ ಮೇಲೆ ಇದೇ ಮೊದಲು. ಶ್ರೀಮತಿಯಮ್ಮ ಆ ಮಾತನ್ನು ಇಡೀ ದಿನ ತಿರುವಿ ಹಾಕಿದರು. ಎಲ್ಲಿಯೂ ತೂತು ಕಾಣಲಿಲ್ಲ. ಋತುವೇ ಬಂದು ಸುಳ್ಳುಸಾಕ್ಷಿ ಹೇಳುತ್ತದೆ, ಯಾರೂ ಅನುಮಾನಪಡುವುದಿಲ್ಲ. ಆದರೆ ಸಂಜೆ ಅಕ್ಕಿ ಆರಿಸುತ್ತ ಕೂತಿದ್ದಾಗ ಇನ್ನೊಂದು ಯೋಚನೆ ಬಂತು. ಒಲೆ ಕಿತ್ತ ಮೇಲೆ ಮಸಿ ನಿಂತರೆ ಪಾರವ್ವ ಕೂಡ ನಂಬಿಬಿಡುತ್ತಾಳೆ. ತಪ್ಪು ತನ್ನದೇ ಇತ್ತು ಎಂದು ರಾಯಪ್ಪನಿಗೆ ಹೇಳುತ್ತಾಳೆ. ಅವಳು ಬೈದುಕೊಂಡು ಹೋದರೆ ಹೇಗೋ ತಡೆಯಬಹುದು, ತಲೆ ತಗ್ಗಿಸಿಕೊಂಡು ಹೋದರೆ ತಡೆಯಲಾಗದು. ಶ್ರೀಮತಿಯಮ್ಮ ಅಕ್ಕಿಯ ಮೊರವನ್ನು ಅಲ್ಲೇ ಇಟ್ಟರು.

ಫೆಬ್ರವರಿಯ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ, ಕೆಳಗಿನ ಅಂಗಳದಲ್ಲಿ. ಪಾರವ್ವ ಊರಿನಿಂದ ಬಂದು ನಾಲ್ಕು ದಿನವಾಗಿತ್ತು. ರಾಯಪ್ಪನ ಪಕ್ಕದಲ್ಲಿ ನಿಂತಿದ್ದಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಇನ್ನೂ ಜೋಳದ ಹಿಟ್ಟು. ಉಣ್ಣುವವರಲ್ಲಿ ಆರೇಳು ಜನ ಗೇಟಿನ ಹೊರಗೆ ನಿಂತಿದ್ದರು. ಹರಿಶ್ಚಂದ್ರ ಸಾಳ್ವಿ ಅರ್ಜಿಯನ್ನು ನಂಬರಿನಿಂದ ಹಿಡಿದು ಸಹಿಯವರೆಗೆ ಓದಿ, "ಅರ್ಜಿದಾರರು ಏನಾದರೂ ಹೇಳುವುದಿದೆಯೇ?" ಎಂದು ಕೇಳಿದರು.

ಶ್ರೀಮತಿಯಮ್ಮ ಎದ್ದು ನಿಂತರು. ಕಂಕುಳಲ್ಲಿ ಒಗೆಯದೆ ಎತ್ತಿಟ್ಟ ಪಂಚೆಯ ನಾಲ್ಕು ತುಂಡು, ಎರಡು ಮುಂಜಾನೆಯವು, ಎರಡು ಸಂಜೆಯವು. ಅರ್ಧ ಮರಾಠಿ, ಅರ್ಧ ಕನ್ನಡ, ನಡುವೆ ಸಿಟ್ಟು ಬಂದಲ್ಲಿ ತುಳು. "ಮಸಿ ಪಾರವ್ವನ ಒಲೆಯದ್ದಲ್ಲ. ಅವಳು ಊರಿಗೆ ಹೋದಾಗಲೂ ಬಿತ್ತು, ಜಾಸ್ತಿ ಬಿತ್ತು. ಗಾಳಿ ತರುವುದು. ಬೆಳಿಗ್ಗೆ ಕಲ್ಯಾಣದ ಕಡೆಯದ್ದು ತರ್ತದೆ, ಮಧ್ಯಾಹ್ನ ಠಾಣೆ ಕಡೆಯದ್ದು ತರ್ತದೆ. ಇದು ಮುಂಜಾನೆಯ ಬಟ್ಟೆ, ಇದು ಸಂಜೆಯದ್ದು. ಮುಟ್ಟದೆ ನೋಡಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಕೆಮ್ಮಿನ ಸಹಿಯವರು, ಹಾಗಾದರೆ ನೋಟೀಸು ಕಲ್ಯಾಣಕ್ಕೆ ಕಳಿಸಬೇಕು ಎಂದರು. ಬೆಳ್ಳುಳ್ಳಿಯ ಸಹಿಯವರು, ಮಧ್ಯಾಹ್ನ ನಮ್ಮ ಹೊಗೆ ಕಲ್ಯಾಣಕ್ಕೆ ಹೋಗುವುದಾದರೆ ಅಲ್ಲಿಯವರೂ ಈಗ ನಮ್ಮ ಮೇಲೆ ಸಭೆ ಕೂಡಿರಬಹುದು ಎಂದು ಚಿಂತೆ ವ್ಯಕ್ತಪಡಿಸಿದರು. ಗುಜರಾತಿ ಯಜಮಾನರು ನಲ್ಲಿಯ ನೀರಿನ ವಿಷಯ ಯಾವಾಗ ಎಂದು ಕೇಳಿದರು.

ಸಾಳ್ವಿಯವರಿಗೆ ಬೇರೆಯೇ ಕಷ್ಟ. "ಮಾವಶಿ, ಅರ್ಜಿಗೆ ನಂಬರು ಬಿದ್ದಾಗಿದೆ. ಗಾಳಿ ಸೊಸೈಟಿಯ ಸದಸ್ಯನಲ್ಲ, ಅದಕ್ಕೆ ನೋಟೀಸು ಕೊಡಲು ಬರುವುದಿಲ್ಲ. ಅರ್ಜಿ ಮುಚ್ಚಬೇಕಾದರೆ ತಪ್ಪು ಯಾರದೆಂದು ಬರೆಯಲೇಬೇಕು. ಆ ಜಾಗ ಖಾಲಿ ಬಿಡುವ ಹಾಗಿಲ್ಲ."

ರಾಯರು ನೆಲ ನೋಡಿದರು. ಶ್ರೀಮತಿಯಮ್ಮ ಒಮ್ಮೆ ಆಕಾಶ ನೋಡಿದರು. ಅಲ್ಲಿಂದ ಸಹಾಯವೇನೂ ಬರುವ ಲಕ್ಷಣ ಕಾಣಲಿಲ್ಲ.

"ನನ್ನದು ಅಂತ ಬರೆಯಿರಿ," ಎಂದರು. "ನೋಡದೆ ಹೇಳಿದೆ."

ಸಾಳ್ವಿಯವರು ಬರೆದರು, ಸಹಿ ಹಾಕಿಸಿಕೊಂಡರು, ಅರ್ಜಿ ಮುಚ್ಚಿತು. ಜನ ಚದುರಿದರು. ಪಾರವ್ವ ಸೆರಗು ಎಳೆದುಕೊಂಡು ಒಳಗೆ ಹೋದಳು. ಗೆದ್ದವಳ ನಡಿಗೆ ಅದಾಗಿರಲಿಲ್ಲ.

ಅಂದೂ ಮಧ್ಯಾಹ್ನದ ಊಟ ಎರಡಕ್ಕೇ ಆಯಿತು. ಊಟವಾದ ಮೇಲೆ ರಾಯಪ್ಪ ಮೆಟ್ಟಿಲಲ್ಲಿ ಸಿಕ್ಕು, ಮುಖ ಸಣ್ಣದು ಮಾಡಿಕೊಂಡು ರಾಯರಿಗೆ ಹೇಳಿದ, "ಬ್ಯಾಡ ಅಂದ್ರ ಕೇಳವಲ್ಲಳ್ರೀ. ವಿಠ್ಠಲವಾಡ್ಯಾಗ ಮನಿ ನೋಡು ಅಂತಾಳ. ಹದಿನೈದ ಮಂದಿ ಸಹಿ ಹಾಕಿದ ಜಾಗಾದಾಗ ಇರಾಂಗಿಲ್ಲಂತ." ಇಪ್ಪತ್ತಾರು ಜನ ಊಟಕ್ಕಾಗಿ ವಿಠ್ಠಲವಾಡಿಯವರೆಗೆ ಬರುತ್ತಾರೆಯೇ? ಬರುವುದಿಲ್ಲ ಎಂದು ರಾಯಪ್ಪನಿಗೂ ಗೊತ್ತಿತ್ತು.

ಶ್ರೀಮತಿಯಮ್ಮ ಕೆಳಗಿಳಿದರು. ಹಿಂದಿನ ವರಾಂಡದಲ್ಲಿ ಪಾರವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ತಲೆಯೆತ್ತಲಿಲ್ಲ.

"ಪಾರವ್ವಾ, ಎಲ್ಲರ ಮುಂದೆ ಹೇಳಿದೆನಲ್ಲ, ಮಸಿ ನಿಮ್ಮದಲ್ಲ ಅಂತ."

"ಹೇಳಿದ್ರಿ. ಭಾಳ ಉಪಕಾರ ಆತು." ಪಾರವ್ವ ಒಂದು ತಾಟನ್ನು ಚೀಲಕ್ಕೆ ಹಾಕಿದಳು. "ಒಂದ ಮಾತ ಕೇಳತೀನಿ ಅಮ್ಮಾರ. ಮಸಿ ನಂದ ಇದ್ದಿದ್ರ? ನಂದ ಒಲೀದ ಇದ್ದಿದ್ರ, ನನ್ನ ಓಡಸತಿದ್ರೇನು?"

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ.

"ಹೌದು," ಎಂದರು ಶ್ರೀಮತಿಯಮ್ಮ. "ಓಡಿಸ್ತಿದ್ದೆ. ನಿಮಗೆ ಏನಾಗ್ತದೆ ಅಂತ ಯೋಚನೆಯೇ ಮಾಡಿರಲಿಲ್ಲ. ನನಗೆ ಸೀರೆ ಒಂದೇ ಕಂಡದ್ದು." ಅವರು ಒಂದು ಹೆಜ್ಜೆ ಹತ್ತಿರ ಬಂದರು. "ನಾಚಿಕೆ ಆಗ್ತದೆ ಪಾರವ್ವಾ."

ಪಾರವ್ವ ಕೈಯಲ್ಲಿದ್ದ ತಾಟನ್ನು ಹಿಡಿದುಕೊಂಡು ಅವರನ್ನೇ ನೋಡಿದಳು. ಸಮಾಧಾನದ ಮಾತಿಗೆ ಸಿದ್ಧವಾಗಿ ಅದನ್ನು ತಳ್ಳಿಹಾಕಲು ಸಜ್ಜಾಗಿದ್ದವಳಿಗೆ ಈ ಉತ್ತರವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತು ಕಣ್ಣು ಒರೆಸಿಕೊಂಡಳು.

"ಹೆಸರ ಹಿಡದು ಬೈದ್ರಿ, ನಾನೂ ಬೈದ್ನಿ, ಅಲ್ಲಿಗೆ ಮುಗೀಬೇಕಿತ್ತು. ಕಾಗದಾ ಯಾಕ ಬರದ್ರಿ? ಮಂದಿ ಕೈಲೆ ಸಹಿ ಯಾಕ ಹಾಕ್ಸಿದ್ರಿ? ಗಿರಣ್ಯಾಗ ನಮ್ಮವನ ಕೆಲಸಾ ಹೋದದ್ದೂ ಕಾಗದದಾಗ. ಮಾರಿ ನೋಡಿ ಯಾರೂ ಹೇಳಲಿಲ್ಲ." ಮೂಗೆಳೆದುಕೊಂಡು ಬೆರಳೆತ್ತಿದಳು. "ಇನ್ನ ಮ್ಯಾಲ ಏನ ಇದ್ರೂ ಇಲ್ಲಿ ಬಂದು ನನ್ನ ಕೂಡ ಜಗಳಾ ಮಾಡ್ರಿ. ಅಂದ್ರ ಇರತೀನಿ."

"ಆಯ್ತು," ಎಂದರು ಶ್ರೀಮತಿಯಮ್ಮ.

ಮಾರನೆಯ ದಿನ ಬೆಳಿಗ್ಗೆ ಕಲ್ಯಾಣದ ಕಡೆಯಿಂದ ಎಂದಿನಂತೆ ಮಸಿ ಬಂದು ಸೀರೆಯ ಮೇಲೆ ಕೂತಿತು. ಶ್ರೀಮತಿಯಮ್ಮ ಅದನ್ನು ಕೋಲಿನಿಂದ ಎರಡು ಸಲ ಕೊಡವಿ, ಹಾಗೆಯೇ ಉಟ್ಟು ಅಡುಗೆಗಿಟ್ಟರು. ಆಮೇಲೆ ಎರಡು ಮಹಡಿ ಇಳಿದು ಪಾರವ್ವನ ವರಾಂಡಕ್ಕೆ ಹೋಗಿ, ಅವಳು ರೊಟ್ಟಿ ಬಡಿಯುವ ಸದ್ದಿಗೆ ತಮ್ಮ ಜಪದ ಎಣಿಕೆ ತಪ್ಪುತ್ತದೆ ಎಂದು ಎದುರಿಗೇ ನಿಂತು ಜಗಳ ತೆಗೆದರು. ಪಾರವ್ವ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು, ನಿಮ್ಮ ಗಂಟೆಯ ಸದ್ದಿಗೆ ನಮ್ಮ ರೊಟ್ಟಿ ಹರಿಯುತ್ತದೆ ಎಂದಳು. ಅರ್ಧ ಗಂಟೆ ನಡೆಯಿತು. ಗೋಣಿಚೀಲ ಖಾಲಿಯಾಗಿ ಮೂಲೆಯಲ್ಲಿ ಬಿದ್ದಿತ್ತು, ರಾಯಪ್ಪ ಅದರ ಮೇಲೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ.